ಶಿರಸಿಯಿಂದ ಜೈಸಲ್ಮೇರ್‌ಗೆ: ಕೊಡೆ ಬಿಟ್ಟು ಹೊರಡಿ

ಮೊದಲು ತೆಂಗಿನೆಣ್ಣೆಯ ವಿಷಯ ಹೇಳಿಬಿಡುತ್ತೇನೆ. ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ಯಬೇಡಿ. ರಾಜಸ್ಥಾನದ ಜೈಸಲ್ಮೇರ್‌ನ ಚಳಿಗೆ ಅದು ಮೊದಲ ರಾತ್ರಿಯೇ ಗಟ್ಟಿಯಾಗಿ ಕೂತುಬಿಡುತ್ತದೆ. ಬೆಳಿಗ್ಗೆ ಎದ್ದರೆ ತುಟಿ ಒಡೆದಿರುತ್ತದೆ, ಕೈಕಾಲು ಬೂದಿ ಬಳಿದ ಹಾಗೆ ಬೆಳ್ಳಗಾಗಿರುತ್ತದೆ, ನೀವು ಬಾಟಲಿಯನ್ನು ಕಿಟಕಿಯಲ್ಲಿಟ್ಟು ಬಿಸಿಲು ಬರುವುದನ್ನೇ ಕಾಯುತ್ತಾ ಕೂರಬೇಕು. ಅಲ್ಲಿ ಸೂರ್ಯ ಬೇರೆ ತಡವಾಗಿ ಏಳುತ್ತಾನೆ, ಚಳಿಗಾಲದಲ್ಲಿ ಏಳು ಗಂಟೆ ಕಳೆದ ಮೇಲೆಯೇ. ಅಗಲ ಬಾಯಿಯ ಡಬ್ಬಿಗೆ ಹಾಕಿಕೊಂಡು ಹೋಗಿ, ಬೆರಳಲ್ಲಿ ಕೆರೆದು ಹಚ್ಚಿಕೊಳ್ಳಬಹುದು.

ಹೋದ ಫೆಬ್ರವರಿಯಲ್ಲಿ ನಾನು, ಹೆಂಡತಿ, ಆಯಿ (ಅಮ್ಮ), ಮೂರೂ ಜನ ಹೋಗಿ ಬಂದೆವು. ಆಯಿಗೆ 71. ಬಂದಾಗಿನಿಂದ ಅಡಿಕೆ ಮಂಡಿಯಲ್ಲಿ ಸಿಕ್ಕವರೆಲ್ಲ ಅದೇ ಕೇಳುತ್ತಾರೆ, ಹೇಗೆ ಹೋದ್ರಿ, ಎಲ್ಲಿ ಉಳಿದ್ರಿ, ವಯಸ್ಸಾದವರನ್ನ ಕರ್ಕೊಂಡು ಹೋಗಬಹುದಾ ಅಂತ. ಹಾಗಾಗಿ ಒಂದೊಂದಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಎಲ್ಲರೂ ಅಲ್ಲಿಗೆ ಹೋಗುವುದು ಮರಳು ನೋಡೋಕೆ. ನನ್ನ ಕೇಳಿದರೆ, ಮಳೆ ಹೊಡೆಯುವ ಊರಿನ ನಾವು ಅಲ್ಲಿ ನೀರಿನ ಜಾಡು ಹಿಡಿದು ತಿರುಗಬೇಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ. ಅಲ್ಲಿ 200 ಮುಟ್ಟಿದರೆ ಒಳ್ಳೆಯ ವರ್ಷ. ಅಷ್ಟರಲ್ಲೇ ಒಂದು ಊರು ಎಂಟುನೂರು ವರ್ಷಕ್ಕೂ ಜಾಸ್ತಿ ಬದುಕಿದೆ. ಹೇಗೆ ಅಂತ ನೋಡುವುದೇ ನಿಜವಾದ ಪ್ರವಾಸ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರದ ತನಕ. ಮೇ-ಜೂನ್‌ನಲ್ಲಿ 45 ಡಿಗ್ರಿ ದಾಟುತ್ತದೆ, ಆ ಮಾತೇ ಬೇಡ. ತೊಂದರೆ ಏನೆಂದರೆ ನಮ್ಮ ಅಡಿಕೆ ಕೊನೆ ಕೊಯ್ಲೂ ಇದೇ ಹೊತ್ತಿಗೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತಾನೋ ದೇವರೇ ಬಲ್ಲ, ಹಾಗಾಗಿ ತೋಟ ಇರುವವರು ಒಂದೋ ದೀಪಾವಳಿ ಮುಗಿದ ಕೂಡಲೇ ಹೋಗಿ, ಇಲ್ಲವೇ ನಮ್ಮ ಹಾಗೆ ಅಡಿಕೆ ಒಣಗಿಸಿ ಚೀಲ ಕಟ್ಟಿ ಫೆಬ್ರವರಿಯಲ್ಲಿ ಹೊರಡಿ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಅದನ್ನೂ ನೋಡಿಕೊಳ್ಳಿ, ಜಾತ್ರೆ ಬಿಟ್ಟು ಹೋದರೆ ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಇನ್ನು ಕಾರವಾರದ ಬೋಟಿನವರಿಗೆ ಪುರಸೊತ್ತು ಸಿಗುವುದೇ ಮೀನುಗಾರಿಕೆ ನಿಷೇಧದ ಜೂನ್-ಜುಲೈನಲ್ಲಿ. ಆಗ ಹೋದರೆ ಸುಟ್ಟ ಬಂಗಡೆ ಆಗಿ ವಾಪಸ್ ಬರುತ್ತೀರಿ, ಬೇಡ.

ಮಾಘ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಮೂರು ದಿನ ಮರು ಮಹೋತ್ಸವ ಅಂತ ನಡೆಯುತ್ತದೆ. ಒಂಟೆ ಓಟ, ಮೀಸೆ ಸ್ಪರ್ಧೆ, ಹಾಡು, ಕುಣಿತ. ಗದ್ದಲ ಇಷ್ಟಪಡುವವರು ಆಗ ಹೋಗಿ, ಆದರೆ ರೂಮು ತುಂಬಾ ಮೊದಲೇ ಹಿಡಿದಿಡಿ.

ಹೋಗುವುದು ಹೇಗೆ

ಶಿರಸಿಗೆ ರೈಲಿಲ್ಲ, ಅದು ಗೊತ್ತೇ ಇದೆ. ಹುಬ್ಬಳ್ಳಿಗೆ ಬಸ್ಸು ಹಿಡಿಯಿರಿ. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಜೋಧಪುರಕ್ಕೆ ಹೋಗುವ ರೈಲಿದೆ, ಬೆಳಗಾವಿ, ಪುಣೆ, ಅಹಮದಾಬಾದ್ ದಾಟಿ ಹೋಗುತ್ತದೆ. ದಿನವೂ ಇಲ್ಲ, ಹಾಗಾಗಿ ವಾರ ನೋಡಿಕೊಂಡು ಪ್ಲಾನ್ ಮಾಡಿ. ಒಂದು ದಿನಕ್ಕಿಂತ ಜಾಸ್ತಿಯ ಪ್ರಯಾಣ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ವಯಸ್ಸಾದವರಿದ್ದರೆ ಕೆಳಗಿನ ಬರ್ತ್ ಸಿಗಬೇಕಾದರೆ ಆವತ್ತೇ ಮಾಡಿಬಿಡಿ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಮುಂಬೈ ಮೇಲೆ ಹೋಗುವುದು ಸಲೀಸು. ಕಾರವಾರದಲ್ಲೋ ಕುಮಟಾದಲ್ಲೋ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವ ಹೊತ್ತಿಗೆ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿಂದ ಬಾಂದ್ರಾ ಟರ್ಮಿನಸ್‌ಗೆ ಹೋಗಿ ಜೋಧಪುರದ ಸೂರ್ಯನಗರಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಮೀನಿನ ಹೆಸರಿನ ರೈಲಿಂದ ಇಳಿದು ಸೂರ್ಯನ ಹೆಸರಿನ ರೈಲು ಹತ್ತುವುದು, ಪ್ರಯಾಣ ಎಲ್ಲಿಗೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಜೋಧಪುರದಲ್ಲಿ ಒಂದು ದಿನ ಇಳಿಯಿರಿ. ಮೆಹ್ರಾನ್‌ಗಢ ಕೋಟೆ ನೋಡುವುದಕ್ಕೂ ಆಯಿತು, ಬೆನ್ನು ನೆಟ್ಟಗೆ ಮಾಡಿಕೊಳ್ಳೋಕೂ ಆಯಿತು. ಅಲ್ಲಿಂದ ಜೈಸಲ್ಮೇರ್‌ಗೆ ರೈಲಿನಲ್ಲಿ ಇನ್ನೂ ಐದಾರು ಗಂಟೆ. ರಾತ್ರಿ ರೈಲು ಬೇಡ, ಹಗಲಿನದ್ದೇ ಹಿಡಿಯಿರಿ. ಹಸಿರು ಮೆಲ್ಲಗೆ ಕಡಿಮೆಯಾಗುತ್ತಾ ಬರುವುದನ್ನು ಕಿಟಕಿಯಲ್ಲಿ ಕೂತು ನೋಡಬೇಕು. ಮೊದಲು ಮರ ಹೋಗುತ್ತದೆ, ಆಮೇಲೆ ಪೊದೆ, ಆಮೇಲೆ ಬೇಲಿ. ದಾರಿಯಲ್ಲಿ ಪೋಖರಣ್ ಬರುತ್ತದೆ. 1974 ಮತ್ತು 1998ರ ಅಣುಪರೀಕ್ಷೆ ನಡೆದದ್ದು ಈ ಊರಿನ ಹತ್ತಿರದ ಮರಳುಗಾಡಿನಲ್ಲೇ. ಕೈಗಾ ಅಣುಸ್ಥಾವರದ ನೆರೆಯವರಾದ ನಮಗೆ ಆ ಬೋರ್ಡು ನೋಡಿ ಸುಮ್ನೆ ಇರೋಕಾಗಲಿಲ್ಲ, ಆಯಿ ಕೂಡ ಕನ್ನಡಕ ಹಾಕಿಕೊಂಡು ನೋಡಿದಳು. ಗಾಳಿ ಇದ್ದ ದಿನ ಕಿಟಕಿ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಹುಬ್ಬಿನ ಮೇಲೂ ಮರಳು. ಚಳಿಗಾಲದಲ್ಲಿ ದೆಹಲಿ, ಮುಂಬೈ ಕಡೆಯಿಂದ ವಿಮಾನವೂ ಇದೆ, ಆದರೆ ಅದರಲ್ಲಿ ಹೋದರೆ ಈ ಬದಲಾವಣೆ ಕಾಣುವುದಿಲ್ಲ.

ಚೀಲಕ್ಕೆ ಏನು

ಕೊಡೆ ಬೇಡ. ಕೇಳೋಕೆ ತಮಾಷೆ, ಆದರೆ ನಮ್ಮ ಚೀಲದಲ್ಲಿ ಇತ್ತು, ಅಭ್ಯಾಸ ನೋಡಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಒಂದು ದಪ್ಪ ಶಾಲು ಬೇಕೇ ಬೇಕು. ಹಗಲು 25 ಡಿಗ್ರಿ ಇದ್ದದ್ದು ರಾತ್ರಿ ಹತ್ತಕ್ಕೂ ಕೆಳಗೆ ಇಳಿಯುತ್ತದೆ. ಬಟ್ಟೆ ಕಡಿಮೆ ಸಾಕು. ತೊಳೆದು ಹಾಕಿದ್ದು ಒಂದು ಗಂಟೆಯಲ್ಲಿ ಒಣಗುತ್ತದೆ, ಜುಲೈನಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸುವ ನಮಗೆ ಅದೇ ಒಂದು ಆಶ್ಚರ್ಯ. ಚರ್ಮದ ಬೆಲ್ಟ್, ಪರ್ಸು ಮನೆಯಲ್ಲೇ ಇರಲಿ. ಜೈಸಲ್ಮೇರ್ ಕೋಟೆಯ ಜೈನ ದೇವಸ್ಥಾನದೊಳಗೆ ಬಿಡುವುದಿಲ್ಲ, ಬೆಲ್ಟ್ ಬಿಚ್ಚಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದು ದರ್ಶನ ಮಾಡಬೇಕಾಗುತ್ತದೆ.

ಮುರುಗಲ (ಪುನರ್ಪುಳಿ, ಕೋಕಂ) ಸಿಪ್ಪೆ ಸ್ವಲ್ಪ ಒಯ್ಯಿರಿ. ನೀರಲ್ಲಿ ನೆನೆಸಿ ಉಪ್ಪು ಹಾಕಿ ಕುಡಿದರೆ ಬಾಯಾರಿಕೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಲ್ಲಿ ಬೆವರು ಬರುವುದು ಗೊತ್ತೇ ಆಗುವುದಿಲ್ಲ, ಬಂದದ್ದು ಬಂದ ಹಾಗೇ ಆರುತ್ತದೆ. ನಮ್ಮ ಕರಾವಳಿಯಲ್ಲಿ ಅಂಗಿ ಒದ್ದೆಯಾದರೆ ನೀರು ಕುಡಿಯುವ ನೆನಪಾಗುತ್ತದೆ, ಅಲ್ಲಿ ಅಂಗಿ ಏನೂ ಹೇಳುವುದಿಲ್ಲ. ತಲೆನೋವು ಬಂದ ಮೇಲೆಯೇ ಗೊತ್ತಾಗುವುದು. ಬಾಯಾರಿಕೆ ಇರಲಿ ಬಿಡಲಿ, ಗಂಟೆಗೊಮ್ಮೆ ನೀರು ಕುಡಿಯಿರಿ.

ಉಳಿಯುವುದು ಕೋಟೆಯ ಹೊರಗೆ

ಇದೊಂದರಲ್ಲಿ ನಾನು ಹಟ ಹಿಡಿಯುತ್ತೇನೆ. ಕೋಟೆಯ ಒಳಗೇ ಹೋಟೆಲುಗಳಿವೆ, ಫೋಟೋ ನೋಡಿದರೆ ಅಲ್ಲೇ ಉಳಿಯಬೇಕು ಅನಿಸುತ್ತದೆ. ಉಳಿಯಬೇಡಿ.

ಕಾರಣ ನೀರು. ಈ ಕೋಟೆ ಕಟ್ಟಿದ್ದು ಮಳೆಯೇ ಇಲ್ಲದ ಲೆಕ್ಕದಲ್ಲಿ. ನಮ್ಮ ಮನೆಗಳಿಗೆ ಇಳಿಜಾರು ಮಾಡು, ಮೇಲೆ ಹಂಚು. ಅಲ್ಲಿ ಚಪ್ಪಟೆ ಮಾಡು, ಅದರ ಮೇಲೆ ಮಣ್ಣಿನ ಪದರ. ಬೀಳುವ ನಾಲ್ಕು ಹನಿ ಹೊರಗೆ ಹೋಗಲಿ ಅಂತ ಹಿಂದಿನವರು ಘೂಟ್ ನಾಲಿ ಅನ್ನುವ ಕಾಲುವೆ ಮಾಡಿದ್ದರು. ಒಳಗಿದ್ದವರು ಕೊಡದಲ್ಲಿ ನೀರು ತಂದು, ಅಳೆದು ಬಳಸುತ್ತಿದ್ದರು. ಆಮೇಲೆ ನಲ್ಲಿ ಬಂತು, ಹೋಟೆಲು ಬಂತು, ಪ್ರತಿ ರೂಮಿಗೂ ಶವರ್ ಬಂತು. ಬಳಸಿದ ನೀರು ಸೋರಿ ಬೆಟ್ಟದ ಒಳಗೆ ಇಳಿಯಿತು. ಕೆಳಗಿರುವುದು ಗಟ್ಟಿ ಬಂಡೆ ಅಲ್ಲ, ಮೆತ್ತಗಿನ ಕಲ್ಲು, ಜೇಡಿಮಣ್ಣಿನ ಪದರಗಳು. ನೀರು ಕುಡಿದು ಅವು ಸಡಿಲಾದವು. ಬುರುಜುಗಳು ಬಿದ್ದವು, ಮನೆಗಳು ಬಿರುಕು ಬಿಟ್ಟವು. 2024ರ ಆಗಸ್ಟಿನ ಮಳೆಗೂ ಗೋಡೆಯ ಒಂದು ಭಾಗ ಜಾರಿತು. ಶತ್ರುಗಳ ಕೈಲಿ ಆಗದ್ದು ಬಚ್ಚಲ ನೀರಿನ ಕೈಲಿ ಆಗುತ್ತಿದೆ ಅಂದರೆ ತಪ್ಪಲ್ಲ. ದಿನಕ್ಕೆ ಎರಡು ಸಲ ಮೀಯುವ ನಮ್ಮಂಥವರು ಅಲ್ಲಿ ಉಳಿಯುವುದು ಯಾಕೆ ಬೇಡ ಅಂತ ಈಗ ಗೊತ್ತಾಯಿತಲ್ವಾ?

ಅಲ್ಲದೆ ಕೋಟೆಯೊಳಗಿದ್ದರೆ ಕೋಟೆ ಕಾಣುವುದಿಲ್ಲ. ಹೊರಗೆ, ತಾರಸಿ ಇರುವ ಒಂದು ಸಣ್ಣ ಹೋಟೆಲಿನಲ್ಲಿ ರೂಮು ಮಾಡಿ. ಸಂಜೆ ಚಹಾ ಹಿಡಿದು ಮೇಲೆ ಕೂತರೆ ಇಡೀ ಬೆಟ್ಟ ಅರಿಶಿನ ಹಚ್ಚಿದ ಹಾಗೆ ಕಾಣುತ್ತದೆ.

ಮೊದಲ ದಿನ: ಕೋಟೆ

ಬೆಳಿಗ್ಗೆ ಬೇಗ ಹೊರಡಿ, ಜೈನ ದೇವಸ್ಥಾನಗಳನ್ನು ಮಧ್ಯಾಹ್ನದೊಳಗೆ ನೋಡಿಬಿಡಬೇಕು. ಆಮೇಲೆ ಪ್ರವಾಸಿಗರಿಗೆ ಬಾಗಿಲು ಹಾಕುತ್ತಾರೆ. ಕೋಟೆ ಹತ್ತುವಾಗ ಅಖೈ ಪೋಲ್, ಸೂರಜ್ ಪೋಲ್, ಗಣೇಶ ಪೋಲ್, ಹವಾ ಪೋಲ್ ಅಂತ ನಾಲ್ಕು ಬಾಗಿಲು, ದಾರಿ ಸುತ್ತಿ ಸುತ್ತಿ ಹೋಗುತ್ತದೆ. ಕೊನೆಯ ಹವಾ ಪೋಲ್‌ನಲ್ಲಿ ಗಾಳಿ ತಂಪಾಗಿ ಬೀಸುತ್ತದೆ, ಊರಿನ ಮುದುಕರು ಅಲ್ಲಿ ಕಟ್ಟೆಯ ಮೇಲೆ ಕೂತಿರುತ್ತಾರೆ, ನೀವೂ ಕೂರಿ. ಗೋಡೆಯ ಮೇಲೆ ದುಂಡು ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ. ಅಲಂಕಾರ ಅಂದುಕೊಂಡಿದ್ದೆ. ಮುತ್ತಿಗೆ ಹಾಕಿದವರ ತಲೆ ಮೇಲೆ ಉರುಳಿಸೋಕಂತೆ.

ರಾವಲ್ ಜೈಸಲ್ 1156ರಲ್ಲಿ ಈ ತ್ರಿಕೂಟ ಬೆಟ್ಟಕ್ಕೆ ರಾಜಧಾನಿ ತಂದ. ಮೊದಲು ಹತ್ತಿರದ ಲೋದುರ್ವಾದಲ್ಲಿತ್ತು. 99 ಬುರುಜು ಇವೆ. 2013ರಲ್ಲಿ ಯುನೆಸ್ಕೋ ರಾಜಸ್ಥಾನದ ಆರು ಗಿರಿದುರ್ಗಗಳನ್ನು ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಇದೂ ಒಂದು. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ನೋಡಿದವರಿಗೆ ಇಲ್ಲಿ ತಲೆ ತಿರುಗುತ್ತದೆ. ಮಿರ್ಜಾನ್‌ನಲ್ಲಿ ಚಿರೆಕಲ್ಲಿನ ಮೇಲೆ ಪಾಚಿ, ಬಾವಿ, ಹುಲ್ಲು, ಜನ ಮಾತ್ರ ಇಲ್ಲ. ಇಲ್ಲಿ ಸಾವಿರಾರು ಜನ ಇವತ್ತಿಗೂ ಸಂಸಾರ ಮಾಡುತ್ತಿದ್ದಾರೆ. ಮನೆ ಬಾಗಿಲಲ್ಲಿ ಹಸು, ಗೋಡೆಯ ಮೇಲೆ ಮದುವೆಯ ಕರೆಯೋಲೆಯನ್ನೇ ಬಣ್ಣದಲ್ಲಿ ಬರೆದಿರುತ್ತಾರೆ, ಮೇಲೆ ಗಣಪತಿ, ಕೆಳಗೆ ಮದುಮಕ್ಕಳ ಹೆಸರು, ತಾರೀಕು. ಅದು ಅವರ ಮನೆ ಅನ್ನುವುದು ನೆನಪಿರಲಿ, ಕಿಟಕಿಯೊಳಗೆ ಫೋನು ತೂರಿಸಬೇಡಿ.

ಜೈಸಲು ಕುವಾ ಅಂತ ಕೋಟೆಯಲ್ಲಿ ಒಂದು ಬಾವಿ ಇದೆ. ಅರ್ಜುನನಿಗೆ ಬಾಯಾರಿದಾಗ ಕೃಷ್ಣ ಚಕ್ರದಿಂದ ತೋಡಿದ್ದು ಅಂತ ಕತೆ. ಗೈಡ್‌ಗಳು ಅರಮನೆ ಕಡೆಗೇ ಎಳೆಯುತ್ತಾರೆ, ಇದನ್ನು ಕೇಳಿಯೇ ನೋಡಬೇಕು. ಬೆಟ್ಟದ ನೆತ್ತಿಯಲ್ಲಿ ನೀರು ಸಿಕ್ಕಿದ್ದಕ್ಕೇ ಊರು ಇಲ್ಲಿ ಬಂತು ಅಂತ ಆ ಕತೆ ಹೇಳುತ್ತಿದೆ, ಅಷ್ಟೇ.

ಜೈನ ದೇವಸ್ಥಾನ ಏಳು. ಒಂದಕ್ಕೊಂದು ಅಂಟಿಕೊಂಡಿವೆ. ಗೇರುಸೊಪ್ಪೆಯ ಚತುರ್ಮುಖ ಬಸದಿ, ಸೋಂದೆಯ ಮಠ ನೋಡಿದ ಕಣ್ಣಿಗೆ ಈ ಹಳದಿ ಕಲ್ಲಿನ ಕೆತ್ತನೆ ಬೇರೆಯೇ ಲೋಕ. ಕಲ್ಲು ಎಷ್ಟು ಮೆತ್ತಗೆಂದರೆ ಬೆಣ್ಣೆಯಲ್ಲಿ ಬಿಡಿಸಿದ ಹಾಗಿದೆ. ಕೆಳಗೆ ಜ್ಞಾನ ಭಂಡಾರ, ಅಲ್ಲಿ ತಾಳೆಗರಿಯ ಗ್ರಂಥಗಳಿವೆ. ಆ ಒಣ ಹವೆಗೇ ಅವು ಉಳಿದದ್ದು. ನಮ್ಮಲ್ಲಾದರೆ ಎರಡು ಮಳೆಗಾಲಕ್ಕೆ ಬೂಷ್ಟು.

ಎರಡನೇ ದಿನ: ಊರು ಮತ್ತು ಗಡಿಸರ್

ಬೆಳಗಾಗುವ ಮೊದಲೇ ಗಡಿಸರ್ ಕೆರೆಗೆ ಹೋಗಿ. 14ನೇ ಶತಮಾನದಲ್ಲಿ ರಾವಲ್ ಗಡಸಿ ಕಟ್ಟಿಸಿದ್ದು. ನಲ್ಲಿ ಬರುವ ತನಕ ಇಡೀ ಊರಿಗೆ ಇದೇ ನೀರು. ಕೆರೆಗಿಂತ ದೊಡ್ಡದು ಕೆರೆಗೆ ನೀರು ಬರುವ ಬಯಲು, ಅದನ್ನು ಆಗೋರ್ ಅನ್ನುತ್ತಾರೆ. ಅಲ್ಲಿ ಗಲೀಜು ಮಾಡುವ ಹಾಗಿರಲಿಲ್ಲ, ಚಪ್ಪಲಿ ಕೂಡ ಹಾಕುತ್ತಿರಲಿಲ್ಲ ಅಂತ ಅಲ್ಲಿನ ಹಿರಿಯರೊಬ್ಬರು ಹೇಳಿದರು. ದಡದಲ್ಲಿ ಟೀಲೋಂ ಕಿ ಪೋಲ್ ಅಂತ ಚಂದದ ಬಾಗಿಲಿದೆ. ಟೀಲೋಂ ಅನ್ನುವ ವೇಶ್ಯೆ ಕಟ್ಟಿಸಿದ್ದಂತೆ. ಅವಳ ಬಾಗಿಲ ಕೆಳಗೆ ರಾಣಿಯರು ನೀರಿಗೆ ಹೋಗುವುದಾ ಅಂತ ಅರಮನೆಯವರು ಕೆಡವಲು ಹೊರಟರು, ಅವಳು ರಾತ್ರೋರಾತ್ರಿ ಮೇಲೆ ಕೃಷ್ಣನ ಗುಡಿ ಇಟ್ಟುಬಿಟ್ಟಳು. ಗುಡಿ ಕೆಡವುವವರು ಯಾರು? ಆಯಿಗೆ ಇಡೀ ಪ್ರವಾಸದಲ್ಲಿ ತುಂಬಾ ಹಿಡಿಸಿದ್ದು ಈ ಕತೆ.

ಈಗ ಕೆರೆಗೆ ಇಂದಿರಾ ಗಾಂಧಿ ಕಾಲುವೆಯ ನೀರೂ ಬರುತ್ತದೆ. ಪಂಜಾಬಿನ ಹರಿಕೆಯಿಂದ 600 ಕಿಲೋಮೀಟರಿಗೂ ಜಾಸ್ತಿ ಹರಿದು ಬರುವ ಕಾಲುವೆ ಅದು.

ಆಮೇಲೆ ಹವೇಲಿಗಳು, ಅಂದರೆ ಹಳೆಯ ಸಾಹುಕಾರರ ದೊಡ್ಡ ಮನೆಗಳು. ಪಟುವಾ ಹವೇಲಿ ಅಂದರೆ ಒಂದಲ್ಲ, ಐದು. ಗುಮಾನ್ ಚಂದ್ ಪಟುವಾ ಅನ್ನುವ ವ್ಯಾಪಾರಿ 1805ರ ಹೊತ್ತಿಗೆ ಶುರು ಮಾಡಿಸಿದ್ದು, ಐದು ಮಕ್ಕಳಿಗೆ ಐದು. ಒಂದರ ಒಳಗೆ ಹೋದರೆ ಸಾಕು, ಉಳಿದವನ್ನು ಬೀದಿಯಿಂದಲೇ ನೋಡಿ. ನಥಮಲ್ ಹವೇಲಿಯಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. ಅಣ್ಣತಮ್ಮ ಇಬ್ಬರು ಶಿಲ್ಪಿಗಳು ಎಡಬಲ ಹಂಚಿಕೊಂಡು ಕೆತ್ತಿದ್ದಂತೆ, ದೂರದಿಂದ ಒಂದೇ ಥರ, ಹತ್ತಿರ ಹೋದರೆ ಒಂದೂ ಕೂಡಿಬರುವುದಿಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ತೋಟದ ಹಾಗೇ. ಇಷ್ಟು ದುಡ್ಡು ಎಲ್ಲಿಂದ ಬಂತು ಅಂದರೆ ಒಂಟೆ ಸಾಲಿನ ವ್ಯಾಪಾರದಿಂದ, ಸಿಂಧ್ ಕಡೆಗೆ, ಅದರಾಚೆಗೆ. ಮುಂಬೈ ಬಂದರು ಬೆಳೆಯಿತು, ಸರಕೆಲ್ಲ ಸಮುದ್ರಕ್ಕೆ ಇಳಿಯಿತು, ಇಲ್ಲಿನ ಬೀದಿ ಖಾಲಿಯಾಯಿತು. ಕಡಲಿನ ಕಡೆಯವರಾದ ನಮಗೆ ಅಲ್ಲಿ ಒಂಚೂರು ಸಂಕೋಚವೇ ಆಯಿತು.

ಮೂರನೇ ದಿನ: ಪಶ್ಚಿಮಕ್ಕೆ

ಜೀಪು ಅಥವಾ ಟ್ಯಾಕ್ಸಿ ಇಡೀ ದಿನಕ್ಕೆ ಮಾತಾಡಿ. ಯಾವ ಯಾವ ಜಾಗ, ವಾಪಸ್ ಎಷ್ಟು ಹೊತ್ತಿಗೆ, ಪಾರ್ಕಿಂಗ್ ಯಾರದು, ಎಲ್ಲಾ ಮೊದಲೇ ಹೇಳಿಸಿಕೊಳ್ಳಿ. ಊರಿಂದ ಹದಿನೆಂಟು ಕಿಲೋಮೀಟರು ದೂರದಲ್ಲಿ ಕುಲಧರಾ ಇದೆ. ಪಾಲಿವಾಲ ಬ್ರಾಹ್ಮಣರು 19ನೇ ಶತಮಾನದ ಮೊದಲ ಭಾಗದಲ್ಲಿ ಬಿಟ್ಟುಹೋದ ಹಳ್ಳಿ. ಡ್ರೈವರ್ ದೆವ್ವದ ಕತೆ ಹೇಳುತ್ತಾನೆ, ದಿವಾನ ಸಾಲಿಮ್ ಸಿಂಗ್ ಊರಿನ ಹುಡುಗಿಯ ಮೇಲೆ ಕಣ್ಣು ಹಾಕಿದ, ಇಡೀ ಊರು ಒಂದೇ ರಾತ್ರಿ ಶಾಪ ಹಾಕಿ ಎದ್ದು ಹೋಯಿತು ಅಂತ. ತೆರಿಗೆ ಹೆಚ್ಚಿತು, ಬಾವಿ ಬತ್ತಿತು ಅನ್ನುವವರಿದ್ದಾರೆ, ಭೂಕಂಪ ಅನ್ನುವವರೂ ಇದ್ದಾರೆ. ನನಗೆ ಬಾವಿಯ ಮಾತೇ ಸರಿ ಅನಿಸಿತು.

ಈ ಪಾಲಿವಾಲರ ನಿಜವಾದ ಕತೆ ದೆವ್ವದ್ದಲ್ಲ, ಖಡೀನ್‌ದು. ಇಳಿಜಾರಿನ ಕೆಳಗೆ ಉದ್ದಕ್ಕೆ ಮಣ್ಣಿನ ಒಡ್ಡು ಹಾಕುತ್ತಾರೆ. ಮಳೆಗಾಲದಲ್ಲಿ ಸುತ್ತಲಿನ ಕಲ್ಲುಬಯಲಿನ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ, ಚಳಿಗಾಲದ ಹೊತ್ತಿಗೆ ನೆಲಕ್ಕೆ ಇಳಿದಿರುತ್ತದೆ, ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುತ್ತಾರೆ. ಮತ್ತೆ ಒಂದು ಹನಿ ಬೇಕಿಲ್ಲ. ಇವತ್ತಿಗೂ ಇವೆ, ದಾರಿಯಲ್ಲಿ ತೋರಿಸು ಅಂತ ಡ್ರೈವರ್‌ಗೆ ಹೇಳಿ. ಕುಮಟಾದ ಗಜನಿ ಗದ್ದೆ ನೋಡಿದವರಿಗೆ ಕೂಡಲೇ ಅರ್ಥವಾಗುತ್ತದೆ. ಅಘನಾಶಿನಿಯ ಉಪ್ಪುನೀರು ಒಳಗೆ ಬಾರದ ಹಾಗೆ ಒಡ್ಡು ಹಾಕಿ ನಾವು ಕಗ್ಗ ಭತ್ತ ಬೆಳೆದೆವು, ಅವರು ನೀರು ಹೊರಗೆ ಹೋಗದ ಹಾಗೆ ಒಡ್ಡು ಹಾಕಿ ಗೋಧಿ ಬೆಳೆದರು. ಮರಳಿನ ದಿಬ್ಬಕ್ಕಿಂತ ಇಲ್ಲೇ ನಾನು ಜಾಸ್ತಿ ಹೊತ್ತು ನಿಂತೆ. ಹೆಂಡತಿ ಜೀಪಿನಿಂದ ಎರಡು ಸಲ ಕರೆದಳು.

ಮರಳಿಗೆ ಸಮ್ ಅಥವಾ ಖುರಿ. ಎರಡೂ ಊರಿಂದ ನಲವತ್ತು ಕಿಲೋಮೀಟರಿನ ಮೇಲೆ. ಸಮ್‌ನಲ್ಲಿ ದಿಬ್ಬ ದೊಡ್ಡದು, ಜನವೂ ಜಾಸ್ತಿ. ಖುರಿ ಶಾಂತ. ನಾವು ಸಮ್‌ನಲ್ಲಿ ಒಂದು ಟೆಂಟ್ ಫೋನಿನಲ್ಲೇ ಬುಕ್ ಮಾಡಿ ಮೋಸ ಹೋದೆವು. ಮಾಂಗಣಿಯಾರರ (ಅಲ್ಲಿನ ಸಾಂಪ್ರದಾಯಿಕ ಹಾಡುಗಾರರು) ಹಾಡು ಅಂದಿದ್ದರು, ಹೋಗಿ ನೋಡಿದರೆ ಡಿಜೆ, ಹನ್ನೊಂದು ಗಂಟೆ ತನಕ ಹಿಂದಿ ಸಿನಿಮಾ ಹಾಡು. ಬುಕ್ ಮಾಡುವ ಮೊದಲು ನೇರವಾಗಿ ಕೇಳಿ, ಸ್ಪೀಕರ್ ಹಾಕುತ್ತೀರಾ, ಕಮಾಯ್ಚಾ ನುಡಿಸುವವರು ಬರುತ್ತಾರಾ ಅಂತ. ಕಮಾಯ್ಚಾ ಅಂದರೆ ಕಮಾನಿನಲ್ಲಿ ನುಡಿಸುವ ವಾದ್ಯ, ಹೊಟ್ಟೆ ದುಂಡಗಿರುತ್ತದೆ. ಮರುದಿನ ಕೋಟೆಯ ಬಾಗಿಲಲ್ಲಿ ಒಬ್ಬ ಅಜ್ಜ ಅದನ್ನು ನುಡಿಸುತ್ತಾ ಕೂತಿದ್ದ. ಟೆಂಟಿಗೆ ಕೊಟ್ಟ ದುಡ್ಡು ಅವನಿಗೆ ಕೊಡಬೇಕಿತ್ತು ಅನಿಸಿತು.

ಒಂಟೆ ಹತ್ತುವಾಗ ಒಂದು ನೆನಪಿಡಿ. ಅದು ಮೊದಲು ಹಿಂಗಾಲು ಎತ್ತುತ್ತದೆ, ನೀವು ಮುಗ್ಗರಿಸುತ್ತೀರಿ, ಹಾಗಾಗಿ ಹಿಂದಕ್ಕೆ ವಾಲಿ. ಕೂರುವಾಗ ಮುಂಗಾಲು ಮಡಿಸುತ್ತದೆ, ಆಗಲೂ ಹಿಂದಕ್ಕೇ. ಅರ್ಧ ಗಂಟೆ ಸಾಕು, ಜಾಸ್ತಿಯಾದರೆ ಮರುದಿನ ತೊಡೆ ನೋವಿಗೆ ಮೆಟ್ಟಿಲು ಇಳಿಯೋಕಾಗುವುದಿಲ್ಲ. ಆಯಿ ಹತ್ತುವುದಿಲ್ಲ ಅಂದಳು. ಒಂಟೆ ಗಾಡಿ ಸಿಗುತ್ತದೆ, ವಯಸ್ಸಾದವರಿಗೆ ಅದೇ ವಾಸಿ.

ಇನ್ನೊಂದು ದಿನ ಇದ್ದರೆ ಲೋಂಗೇವಾಲಾ, ತನೋಟ್ ಮಾಡಬಹುದು. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳನ್ನು ನಮ್ಮವರು ತಡೆದ ಜಾಗ ಲೋಂಗೇವಾಲಾ. ತನೋಟ್ ಮಾತಾ ಗುಡಿಯನ್ನು ಗಡಿ ಭದ್ರತಾ ಪಡೆಯವರೇ ನೋಡಿಕೊಳ್ಳುತ್ತಾರೆ, ಊರಿಂದ ಸುಮಾರು 120 ಕಿಲೋಮೀಟರು. ಅದರಾಚೆ ಗಡಿ ಕಂಬದ ತನಕ ಹೋಗಬೇಕಾದರೆ ಅನುಮತಿ ಬೇಕು, ಗುರುತಿನ ಚೀಟಿ ಒಯ್ಯಿರಿ.

ಊಟ

ಅನ್ನ ಸಿಗುತ್ತದೆ, ಆದರೆ ಅದನ್ನು ಹುಡುಕಿಕೊಂಡು ಹೋಗಬೇಡಿ. ಮೀನು ಮರೆತುಬಿಡಿ. ಕೇರ್ ಸಾಂಗ್ರಿ ತಿನ್ನಿ. ಕೇರ್ ಅಂದರೆ ಅಲ್ಲಿನ ಒಂದು ಮುಳ್ಳುಪೊದೆಯ ಸಣ್ಣ ಕಾಯಿ. ಸಾಂಗ್ರಿ ಅಂದರೆ ಖೇಜಡಿ ಮರದ ಕಾಯಿ, ಖೇಜಡಿ ಅಂದರೆ ನಮ್ಮ ಬನ್ನಿ ಮರ. ದಸರೆಗೆ ಎಲೆ ಹಂಚಿ ಸುಮ್ಮನಾಗುವ ಮರದ ಕಾಯನ್ನು ಅವರು ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ. ಜೊತೆಗೆ ಸಜ್ಜೆ ರೊಟ್ಟಿ, ಮಜ್ಜಿಗೆ. ಗಟ್ಟೆ ಅಂತ ಕಡಲೆಹಿಟ್ಟಿನ ಸಾರು ಇದೆ. ಹಸಿ ತರಕಾರಿ ಇಲ್ಲದ ಕಡೆ ಬೇಳೆ, ಹಿಟ್ಟು, ಮೊಸರಿನಲ್ಲೇ ಎಷ್ಟು ಬಗೆ ಮಾಡಬಹುದು ಅಂತ ಅಲ್ಲಿ ಕಲಿಯಬೇಕು. ಸಿಹಿಗೆ ಘೋಟುವಾ ಲಾಡು. ಕೋಟೆ ಬಾಗಿಲ ಹತ್ತಿರ ಭಂಗಿಯ ಅಂಗಡಿ ಇದೆ, ಸರ್ಕಾರದ ಪರವಾನಗಿಯದ್ದೇ. ಲಸ್ಸಿ ಅಂತ ಸುಮ್ನೆ ಕುಡಿದುಬಿಡಬೇಡಿ, ಯಾವ ಲಸ್ಸಿ ಅಂತ ಕೇಳಿ.

ಒಣ ಸಾಂಗ್ರಿ ಮನೆಗೂ ತನ್ನಿ, ಆದರೆ ಕೋಟೆಯ ಅಂಗಡಿಯಲ್ಲಲ್ಲ, ಊರಿನ ಕಿರಾಣಿಯಲ್ಲಿ. ರಾತ್ರಿ ನೆನೆಸಿ ಬೇಯಿಸಬೇಕು.

ತರಬೇಕಾದ ಇನ್ನೊಂದು ಹಾಬೂರ್ ಕಲ್ಲಿನ ಬಟ್ಟಲು. ಜೈಸಲ್ಮೇರ್ ಹತ್ತಿರದ ಹಾಬೂರ್ ಹಳ್ಳಿಯ ಕಲ್ಲು, ಕಂದು ಬಣ್ಣದ್ದು. ಅದರ ತುಂಬಾ ಸಣ್ಣ ಸಣ್ಣ ಚಿಪ್ಪಿನ ಗುರುತುಗಳಿವೆ. ಕೋಟ್ಯಂತರ ವರ್ಷದ ಹಿಂದೆ ಅಲ್ಲಿ ಕಡಲಿತ್ತು, ಅದರದ್ದು. ಬಟ್ಟಲಿಗೆ ಬೆಚ್ಚಗಿನ ಹಾಲು ಹಾಕಿಟ್ಟರೆ ಹೆಪ್ಪಿಲ್ಲದೆ ಮೊಸರಾಗುತ್ತದೆ ಅಂತ ಅಂಗಡಿಯವನು ಹೇಳಿದ. ಶಿರಸಿಗೆ ಬಂದು ಆಯಿ ಮೂರು ಸಲ ಮಾಡಿ ನೋಡಿದಳು. ಎರಡು ಸಲ ಹಾಲು ಹಾಲಾಗಿಯೇ ಉಳಿಯಿತು, ಮೂರನೇ ಸಲ ಮೊಸರಾಯಿತು. ಆ ಸಲ ಬಟ್ಟಲು ಸರಿಯಾಗಿ ತೊಳೆದಿರಲಿಲ್ಲ ಅಂತ ಹೆಂಡತಿಯ ಅನುಮಾನ.